ಪೂನಾಕ್ಕೆ ಹೋದ ದೊಡ್ಡಪ್ಪನ ರಕ್ತ

ಪುಣೆಯ ಮಿಸಳ್ ಅಂಗಡಿಗಳಲ್ಲಿ ‘ಸ್ಯಾಂಪಲ್’ ಎಂದರೆ ಎಣ್ಣೆ ತೇಲುವ ಕೆಂಪು ಖಾರದ ರಸ. ತಟ್ಟೆಯ ಮಟಕಿ ಕಾಳು, ಫರಸಾಣ ಒಣಗಿದಂತೆ ಕಂಡರೆ ಮಾಣಿ ತಾನಾಗಿಯೇ ಬಂದು ‘ಸ್ಯಾಂಪಲ್ ದೇವೂ ಕಾ?’ ಎಂದು ಕೇಳಿ ಸೌಟಿನಲ್ಲಿ ಸುರಿದು ಹೋಗುತ್ತಾನೆ. ಹದಿನಾರು ವರ್ಷದ ಹಿಂದೆ ಸೊರಬದ ಕಡೆಯಿಂದ ಇಲ್ಲಿಗೆ ಬಂದ ವಾರದಲ್ಲೇ ಈ ಪ್ರಶ್ನೆ ಎದುರಾಗಿ ನಾನು ಗಾಬರಿಬಿದ್ದದ್ದನ್ನು ನೆನೆದು ಗೆಳೆಯರು ಈಗಲೂ ನಗುತ್ತಾರೆ. ಗಾಬರಿಗೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ್ದೇ ಒಂದು ಜೈವಿಕ ಸಂಶೋಧನಾ ಲ್ಯಾಬಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಕೇಳುವುದು ಅದೊಂದೇ ಮಾತು: ಸ್ಯಾಂಪಲ್ ಬಂತಾ, ಸ್ಯಾಂಪಲ್ ಎಲ್ಲಿಟ್ಟೆ, ಸ್ಯಾಂಪಲ್ ಎಷ್ಟು. ಅದು ರಕ್ತ, ಮೂತ್ರ, ಗಂಟಲ ದ್ರವ, ಕೆಲವೊಮ್ಮೆ ಅಕ್ಕಿಕಾಳಿನಷ್ಟು ಮಾಂಸದ ತುಣುಕು. ತಿನ್ನುವ ವಸ್ತುವಂತೂ ಅಲ್ಲ.

ಇಷ್ಟು ವರ್ಷ ಆ ಮಾತನ್ನು ಸಾವಿರಾರು ಸಲ ಆಡಿದ್ದೇನೆ. ಅದರ ಅರ್ಥ ನನಗೇ ಸರಿಯಾಗಿ ಗೊತ್ತಿರಲಿಲ್ಲ ಎಂದು ತಿಳಿದದ್ದು ಎರಡು ಸಂದರ್ಭಗಳಲ್ಲಿ. ಒಂದು ಲ್ಯಾಬಿನಲ್ಲಿ, ಇನ್ನೊಂದು ಊರಿನ ಜಗುಲಿಯಲ್ಲಿ. ಊರಿನದ್ದನ್ನೇ ಮೊದಲು ಹೇಳುತ್ತೇನೆ.

ದೀಪಾವಳಿಗೆ ಹೋದಾಗ ದೊಡ್ಡಪ್ಪ ಅಡಿಕೆ ಸುಲಿಯುತ್ತ ಕೂತಿದ್ದರು. ಎಪ್ಪತ್ತೈದು ದಾಟಿದೆ, ಕೈ ಇನ್ನೂ ಚುರುಕು. ‘ನೀ ಪೂನಾದಲ್ಲೇ ಅಲ್ಲನಾ ಇರೋದು? ನನ್ ರಕ್ತನೂ ಅಲ್ಲೇ ಐತಿ. ಏನಾತು ಅಂತ ಒಂದ್ ಮಾತು ಕೇಳ್ಕಂಡ್ ಬಾರ’ ಎಂದರು. ತಮಾಷೆ ಎಂದುಕೊಂಡೆ. ಅವರು ತಲೆ ಎತ್ತಿ ನೋಡಿದಾಗ ಅಲ್ಲ ಎಂದು ಗೊತ್ತಾಯಿತು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಸಂಶೋಧನೆಯವರು ಊರಿಗೆ ಬಂದು, ಶಾಲೆಯ ಜಗುಲಿಯಲ್ಲಿ ಜನರನ್ನು ಸಾಲಾಗಿ ಕೂರಿಸಿ ರಕ್ತ ತೆಗೆದುಕೊಂಡು ಹೋಗಿದ್ದರಂತೆ. ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ, ಸಹಿ ಬಾರದವರಿಗೆ ಹೆಬ್ಬೆಟ್ಟು, ಆಮೇಲೆ ಒಂದೊಂದು ಬಿಸ್ಕತ್ ಪ್ಯಾಕೆಟ್. ಮತ್ತೆ ಆ ಕಡೆಯಿಂದ ಸುದ್ದಿಯಿಲ್ಲ. ಅದು ಪುಣೆಯವರೇ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ನಮ್ಮ ಸೀಮೆಯಲ್ಲಿ ಯಾರೇ ರಕ್ತ ತೆಗೆದರೂ ಊರ ಬಾಯಲ್ಲಿ ಅದು ‘ಪೂನಾಕ್ಕೆ’ ಹೋಗುತ್ತದೆ. ಈ ಮಾತು ಹುಟ್ಟಿದ್ದು 1957ರಲ್ಲಿ.

ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸಿಯಗಳು ಸಾಲುಸಾಲಾಗಿ ಸತ್ತು ಬಿದ್ದವು. ಕಾಡಂಚಿನ ಜನರಿಗೆ ಜ್ವರ, ಮೈಕೈ ನೋವು, ಮೂಗು-ಬಾಯಲ್ಲಿ ರಕ್ತ. ಮಂಗ ಸತ್ತು ಮನುಷ್ಯನೂ ಮಲಗುವುದು ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಅದು ಏಷ್ಯಾಕ್ಕೆ ಬಂದೇಬಿಟ್ಟಿತೇ ಎಂಬ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊರಟು ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಶುರುಮಾಡಿದ್ದ ಕೇಂದ್ರ ಅದು. 1978ರಿಂದ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐವಿ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್ ಮೊದಲಾದವರು ಮಲೆನಾಡಿನ ಕಾಡಿನಲ್ಲಿ ಮಂಗನ ಹೆಣ, ರೋಗಿಗಳ ರಕ್ತ, ಉಣುಗುಗಳನ್ನು ಸಂಗ್ರಹಿಸಿದರು. ಹಳದಿ ಜ್ವರ ಅಲ್ಲ ಎಂದಾಯಿತು. ಸಿಕ್ಕಿದ್ದು ಜಗತ್ತು ಅದುವರೆಗೆ ನೋಡಿರದ ವೈರಸ್. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಸಂಬಂಧಿ. ಹೆಸರು ನಮ್ಮ ಕಾಡಿನದೇ: ಕ್ಯಾಸನೂರು ಕಾಡಿನ ಕಾಯಿಲೆ. ನಮಗೆ ಮಂಗನ ಕಾಯಿಲೆ. ಆ ವೈರಸ್ಸನ್ನು ಕೈಯಲ್ಲಿ ಹಿಡಿದ ಲ್ಯಾಬ್ ಸಿಬ್ಬಂದಿಯಲ್ಲಿಯೇ ಹಲವರಿಗೆ ಸೋಂಕು ತಗುಲಿತು. ಇಂದು ಇಂಥ ಸ್ಯಾಂಪಲ್‌ಗಳಿಗೆಂದೇ ಪಾಷಾಣದಲ್ಲಿ ಬಿಗಿ ಭದ್ರತೆಯ ಲ್ಯಾಬಿದೆ. ನಾನು ಆ ದಾರಿಯಲ್ಲಿ ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಹೋಗುತ್ತೇನೆ. ದೊಡ್ಡಪ್ಪನ ಮಾತಿನ ನಂತರ ಆ ಗೇಟು ನೋಡಿದಾಗಲೆಲ್ಲ ಊರು ನೆನಪಾಗುತ್ತದೆ.

ಇನ್ನು ಆ ಟ್ಯೂಬಿನ ಒಳಗಿನ ವಿಷಯ. ಓದುಗರಲ್ಲಿ ಹೆಚ್ಚಿನವರು ಸ್ಯಾಂಪಲ್ ಎಂದರೆ ಸತ್ಯ ತುಂಬಿದ ಡಬ್ಬಿ, ಯಂತ್ರಕ್ಕೆ ಹಾಕಿದರೆ ಅದು ಹೊರಬರುತ್ತದೆ ಎಂದುಕೊಂಡಿರುತ್ತಾರೆ. ನಾವು ಲ್ಯಾಬಿನವರೂ ಹಾಗೇ ವರ್ತಿಸುತ್ತೇವೆ. ಆದರೆ ಮಂಗನ ಕಾಯಿಲೆಯ ರೋಗಿಯ ರಕ್ತವನ್ನೇ ನೋಡಿ. ಜ್ವರ ಬಂದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಓಡಾಡುತ್ತಿರುತ್ತದೆ. ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ದಿನ ಕಳೆದಂತೆ ದೇಹ ಪ್ರತಿಕಾಯಗಳನ್ನು ಮಾಡಿಕೊಂಡು ವೈರಸ್ಸನ್ನು ಓಡಿಸುತ್ತದೆ. ಆಗ ಪಿಸಿಆರ್ ಮಾಡಿದರೆ ‘ನೆಗೆಟಿವ್’ ಬರಬಹುದು, ಪ್ರತಿಕಾಯ ಹುಡುಕಿದರೆ ಸಿಗುತ್ತದೆ. ಅಂದರೆ ಟ್ಯೂಬಿನ ಜೊತೆಗಿನ ಚೀಟಿಯಲ್ಲಿ ‘ಜ್ವರ ಶುರುವಾದ ದಿನ’ ಎಂಬ ಒಂದು ಸಾಲು ಖಾಲಿ ಇದ್ದರೆ ಎಂಥ ದುಬಾರಿ ಯಂತ್ರವೂ ಸುಳ್ಳು ಹೇಳಬಹುದು. ಹಳೆಯ ವೈರಾಣು ತಜ್ಞರು ಒಬ್ಬ ರೋಗಿಯಿಂದ ಎರಡು ಸಲ ರಕ್ತ ಕೇಳುತ್ತಿದ್ದರು, ಜ್ವರ ಇದ್ದಾಗ ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಪ್ರತಿಕಾಯ ಎರಡನೆಯದರಲ್ಲಿ ಏರಿದ್ದರೆ ಮಾತ್ರ ಮೊದಲನೆಯದಕ್ಕೆ ಅರ್ಥ.

ಟ್ಯೂಬಿನ ಮುಚ್ಚಳದ ಬಣ್ಣಕ್ಕೂ ಅರ್ಥವಿದೆ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಸೇರಿದ ಇಡಿಟಿಎ ಎಂಬ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಕೆಂಪು ಮುಚ್ಚಳದ್ದರಲ್ಲಿ ರಕ್ತ ಕಡಿಮೆ ಬಿತ್ತೆಂದು ಯಾರಾದರೂ ನೇರಳೆಯಿಂದ ಸ್ವಲ್ಪ ಸುರಿದರೆ ರೋಗಿಯ ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ರೋಗಿ ಆರಾಮಾಗಿ ಚಹಾ ಕುಡಿಯುತ್ತಿರುತ್ತಾನೆ, ವರದಿಯ ಪ್ರಕಾರ ಅವನು ಸಾಯುವ ಸ್ಥಿತಿಯಲ್ಲಿರುತ್ತಾನೆ. ಬಿಸಿಲಲ್ಲಿ ಬಿಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿಂದು ಮುಗಿಸುತ್ತವೆ, ಆರ್‌ಎನ್‌ಎ ಕರಗುತ್ತದೆ. ಇವೆಲ್ಲ ಪಠ್ಯದಲ್ಲಿ ಇದೆ, ಹೊಸಬರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುತ್ತೇವೆ.

ಹೇಳಿಕೊಡದೇ ಇರುವುದು ಬೇರೆ. ಅದೇ ನಾನು ಲ್ಯಾಬಿನಲ್ಲಿ ಕಲಿತ ಪಾಠ, ತಡವಾಗಿ, ಮುಖ ಕೆಂಪಾಗಿಸಿಕೊಂಡು.

ಸ್ಯಾಂಪಲ್ ಎಂಬ ಮಾತಿಗೆ ಎರಡು ಮನೆತನ. ಲ್ಯಾಬಿನವನಿಗೆ ಅದು ಟ್ಯೂಬು. ಸಂಖ್ಯಾಶಾಸ್ತ್ರದವನಿಗೆ ಅದು ದೊಡ್ಡ ಸಮುದಾಯದಿಂದ ಆರಿಸಿಕೊಂಡ ಒಂದಷ್ಟು ಜನ. ಅನ್ನ ಬೆಂದಿದೆಯೇ ಎಂದು ಅಮ್ಮ ಒಂದಗುಳು ಹಿಚುಕಿ ನೋಡುತ್ತಾಳಲ್ಲ, ಅದು ಎರಡನೆಯ ಅರ್ಥದ್ದು: ಒಂದಗುಳಿನ ಮೂಲಕ ಇಡೀ ಪಾತ್ರೆಯ ಬಗ್ಗೆ ಮಾತಾಡುವುದು. ಆದರೆ ಸೌದೆ ಒಲೆಯ ಮೇಲೆ ದೊಡ್ಡ ಚರಿಗೆಯಲ್ಲಿ ಮದುವೆಯ ಅನ್ನ ಇಟ್ಟವರನ್ನು ಕೇಳಿ. ತಳದ ಅಗುಳು ಮುದ್ದೆಯಾಗಿದ್ದರೂ ಮೇಲಿನದು ಗಟ್ಟಿ ಇರಬಹುದು. ಅಡುಗೆಭಟ್ಟರು ನಾಲ್ಕು ಕಡೆಯಿಂದ ತೆಗೆದು ನೋಡುತ್ತಾರೆ. ತಳದಿಂದಲೇ ನಾಲ್ಕು ಅಗುಳು ತೆಗೆದು ‘ನಾಲ್ಕು ನೋಡಿದೆ’ ಎನ್ನುವವನಿಗೆ ಅಡುಗೆಮನೆಯಲ್ಲಿ ಜಾಗ ಇಲ್ಲ. ಸಂಶೋಧನೆಯಲ್ಲಿ ಇದೆ. ನಾನೇ ಅಂಥವನಾಗಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಕಾಯಿಲೆಯವರ ರಕ್ತದಲ್ಲಿ ಒಂದು ಪ್ರೊಟೀನ್ ಹೆಚ್ಚಿರುತ್ತದೆಯೇ ಎಂದು ನೋಡುತ್ತಿದ್ದೆವು. ರೋಗಿಗಳ ಕಡೆಯ ಟ್ಯೂಬುಗಳು 42. ಹೋಲಿಸಿ ನೋಡಲು ಆರೋಗ್ಯವಂತರದು ಬೇರೆ. ಫಲಿತಾಂಶ ಚೆಂದ ಬಂತು. ರೋಗಿಗಳಲ್ಲಿ ಪ್ರೊಟೀನ್ ಏರಿತ್ತು, ಸಂಖ್ಯಾಶಾಸ್ತ್ರದ ಗುರುತು ಬೇಕಾದ ಕಡೆ ಬಿದ್ದಿತ್ತು, ಸಮ್ಮೇಳನಕ್ಕೆ ಸಾರಾಂಶ ಕಳಿಸಿಯೂ ಆಗಿತ್ತು. ಪಟಗಳ ಕೆಳಗೆ ‘ಎನ್ = 42’ ಎಂದು ನಾನೇ ಬರೆದಿದ್ದೆ. ಆಗ ಹೊಸದಾಗಿ ಸೇರಿದ್ದ ಬಾರಾಮತಿ ಕಡೆಯ ಹುಡುಗಿಗೆ ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಬೇಸರದ ಕೆಲಸ ಕೊಟ್ಟಿದ್ದೆವು. ಮೂರನೇ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ‘ಸರ್, ಹೇ ನೌ ಏಕಾಚ್ ಮಾಣಸಾಚೇ ಆಹೇತ್’ ಎಂದಳು. ಈ ಒಂಬತ್ತೂ ಒಬ್ಬನೇ ಮನುಷ್ಯನವು.

ಆಗಿದ್ದಿಷ್ಟು. ನಾವು ಟ್ಯೂಬಿಗೆ ಸಂಕೇತ ಸಂಖ್ಯೆ ಕೊಡುತ್ತಿದ್ದೆವು, ಮನುಷ್ಯನಿಗಲ್ಲ. ಒಬ್ಬ ರೋಗಿ ಎರಡನೇ ಸಲ ಬಂದರೆ ಹೊಸ ಟ್ಯೂಬು, ಹೊಸ ಸಂಖ್ಯೆ. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲೇ ಇದ್ದ ಒಬ್ಬ ನಿವೃತ್ತ ಹಿರಿಯರು ಕರೆದಾಗಲೆಲ್ಲ ಬೇಸರವಿಲ್ಲದೆ ಬಂದು ಕೈ ಚಾಚಿದ್ದರು. ಹೀಗೆ ಒಂಬತ್ತು ಸಲ. ಅವರಿಗೆ ಸಂಧಿವಾತವೂ ಇತ್ತು, ಅದಕ್ಕೇ ಆ ಪ್ರೊಟೀನ್ ಏರಿರುತ್ತದೆ. ಎಲ್ಲ ಬಿಡಿಸಿ ನೋಡಿದಾಗ 42 ಟ್ಯೂಬುಗಳ ಹಿಂದೆ ಇದ್ದವರು 17 ಜನ. ಒಬ್ಬೊಬ್ಬರಿಗೆ ಒಂದೊಂದು ಸರಾಸರಿ ಹಾಕಿ ಮತ್ತೆ ಲೆಕ್ಕ ಮಾಡಿದೆವು. ಅಂತರ ಕರಗಿಹೋಯಿತು. ಆರು ತಿಂಗಳು ನಾವು ಒಂದು ಕಾಯಿಲೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಮಾಡಿದ್ದು ಒಬ್ಬ ಸಜ್ಜನರ ಮಂಡಿನೋವಿನ ಬಗ್ಗೆ.

ಸಾರಾಂಶವನ್ನು ವಾಪಸ್ ಪಡೆದೆವು. ಮೇಲಿನವರಿಗೆ ಸಿಟ್ಟು ಬಂತು, ಸಹಜವೇ. ಆದರೆ ಅವರು ಸಿಟ್ಟಿನಲ್ಲಿ ಕೇಳಿದ ಪ್ರಶ್ನೆ ನನಗೆ ಇನ್ನೂ ಚುಚ್ಚುತ್ತದೆ: ‘ಎಲ್ಲರೂ ಹೀಗೇ ಎಣಿಸುತ್ತಾರಲ್ಲ?’ ನಿಜ, ಬಹಳ ಜನ ಹೀಗೇ ಎಣಿಸುತ್ತಾರೆ. ಒಂದು ಇಲಿಯ ಮಿದುಳಿನಿಂದ ಹತ್ತು ಜೀವಕೋಶ ನೋಡಿ ಹತ್ತು ಎನ್ನುತ್ತಾರೆ. ಒಂದೇ ಬಾಟಲಿಯ ಜೀವಕೋಶವನ್ನು ಮೂರು ಗುಳಿಗೆ ಹಾಕಿ ಮೂರು ಸಲ ಪ್ರಯೋಗ ಮಾಡಿದೆವು ಎನ್ನುತ್ತಾರೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಈ ತಪ್ಪಿಗೆ ‘ಹುಸಿ ಪುನರಾವರ್ತನೆ’ ಎಂಬ ಅರ್ಥದ ಹೆಸರಿಟ್ಟು ಲೇಖನ ಬರೆದದ್ದು 1984ರಲ್ಲಿ. ಊರಲ್ಲಿ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ‘ಒಬ್ನೇ ಹತ್ತು ಸಲ ಓಟ್ ಹಾಕಿದ್ರೆ ಹತ್ತು ಓಟ್ ಏನ?’ ಎಂದರು. ಪಿಎಚ್‌.ಡಿ ಮಾಡಿದ ನಮಗೆ ಅರ್ಥವಾಗಲು ಒಬ್ಬ ಹುಡುಗಿ ರಿಜಿಸ್ಟರ್ ಓದಬೇಕಾಯಿತು.

ಎಣಿಸುವುದು ಸರಿಯಾದರೂ ಎಲ್ಲಿಂದ ತೆಗೆದದ್ದು ಎಂಬ ಪ್ರಶ್ನೆ ಉಳಿಯುತ್ತದೆ. ದಶಕಗಳ ಕಾಲ ಮಂಗನ ಕಾಯಿಲೆ ಎಂದರೆ ಶಿವಮೊಗ್ಗ ಮತ್ತು ಸುತ್ತಲಿನ ಕೆಲವು ಜಿಲ್ಲೆಗಳ ಕಾಯಿಲೆ ಎಂದೇ ಪುಸ್ತಕಗಳಲ್ಲಿತ್ತು. 2012ರ ಕೊನೆಗೆ ಚಾಮರಾಜನಗರದ ಬಂಡೀಪುರದಲ್ಲಿ ಮಂಗಗಳು ಸತ್ತವು, ಅರಣ್ಯ ಸಿಬ್ಬಂದಿಗೆ ಜ್ವರ ಬಂತು. ಆಮೇಲೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದ ದೋಡಾಮಾರ್ಗ. ಅಲ್ಲಿ ಗೋಡಂಬಿ ತೋಟಕ್ಕೆ ಹೋಗುವವರು ಮಲಗಿದರು. ಕಾಯಿಲೆ ಹೊಸದಾಗಿ ಹಬ್ಬಿತು ಎಂದು ಪತ್ರಿಕೆಗಳು ಬರೆದವು. ಹಬ್ಬಿರಲೂಬಹುದು. ಆದರೆ ಕಾಯಿಲೆ ಇದೆ ಎಂದು ಗೊತ್ತಿರುವ ಕಡೆ ಮಾತ್ರ ರಕ್ತ ತೆಗೆದರೆ, ರಕ್ತ ತೆಗೆದ ಕಡೆ ಮಾತ್ರ ಕಾಯಿಲೆ ಇರುತ್ತದೆ. ದೂರದ ಕಚ್ಛ್ ಮತ್ತು ಸೌರಾಷ್ಟ್ರದ ಜನರ ರಕ್ತದಲ್ಲೂ ಈ ವೈರಸ್ಸಿಗೆ ಹೊಂದುವ ಪ್ರತಿಕಾಯ ಹಿಂದೆಯೇ ಕಂಡಿತ್ತು. ನಕ್ಷೆಯಲ್ಲಿ ಕೆಂಪು ಚುಕ್ಕೆ ಇರುವುದು ಎಷ್ಟೋ ಸಲ ಕಾಯಿಲೆಯ ಜಾಗವಲ್ಲ, ಸಿರಿಂಜ್ ತಲುಪಿದ ಜಾಗ.

ಜೀವಕೋಶಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ನಗೆಪಾಟಲು ಆಗಿಹೋಗಿದೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ದೇಶದ ಲ್ಯಾಬುಗಳಿಗೆ ಜೀವಕೋಶಗಳು ಹೋಗುತ್ತವೆ. ಅದರಲ್ಲಿ ಹೆಸರಾದದ್ದು ಹೀಲಾ. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನು ಕೇಳದೆ, ತೆಗೆದದ್ದು. ಅವರು ಅದೇ ವರ್ಷ ತೀರಿಕೊಂಡರು, ಕೋಶಗಳು ಇಂದಿಗೂ ಬೆಳೆಯುತ್ತಿವೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಬಾಟಲಿಗೂ ಹಾರಿ ಅಲ್ಲಿದ್ದದ್ದನ್ನು ಮೀರಿಸಿ ಕೂರುತ್ತಿದ್ದವು. ಬೇರೆ ಬೇರೆ ಜನರ ಬೇರೆ ಬೇರೆ ಅಂಗದವು ಎಂದು ಹೆಸರಿಟ್ಟಿದ್ದ ಹಲವು ಕೋಶಗಳು ನಿಜಕ್ಕೂ ಹೀಲಾ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿಕೊಟ್ಟರು. ನಾವು ನಮ್ಮ ಒಂಬತ್ತು ಟ್ಯೂಬಿನ ಹಿರಿಯರಿಂದ ಮೋಸಹೋದದ್ದು ಆರು ತಿಂಗಳು. ಜಗತ್ತು ಒಬ್ಬ ಹೆಂಗಸನ್ನು ಹಲವರು ಎಂದುಕೊಂಡು ವರ್ಷಗಟ್ಟಲೆ ಲೆಕ್ಕ ಮಾಡಿತ್ತು. ಅವರ ಕುಟುಂಬ ಒಂದು ದೊಡ್ಡ ಕಂಪನಿಯೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ.

ಎರಡೂ ಕಡೆ ಆದದ್ದು ಒಂದೇ. ಟ್ಯೂಬು ಉಳಿಯಿತು, ಮನುಷ್ಯ ಕಳೆದುಹೋದ. ಮನುಷ್ಯನ ಬಗೆಗಿನ ಮರೆವು ನೈತಿಕ ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ, ಒಂದು ಸಮಿತಿ ಮಾಡಿ ಸುಮ್ಮನಾಗುತ್ತಾರೆ. ನನ್ನ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಅದು ವಿಜ್ಞಾನದ ತಪ್ಪೂ ಹೌದು. ಯಾರ ರಕ್ತ, ಯಾವ ದಿನದ್ದು, ಎಷ್ಟನೇ ಸಲದ್ದು, ಅವನಿಗೆ ಇನ್ನೇನಿತ್ತು ಎಂಬುದು ಗೊತ್ತಿಲ್ಲದ ರಕ್ತದಿಂದ ಕಲಿಯುವುದು ಬಹಳ ಕಡಿಮೆ. ದೊಡ್ಡಪ್ಪನನ್ನು ಮರೆತ ಲ್ಯಾಬು ಅವರ ರಕ್ತವನ್ನೂ ಸರಿಯಾಗಿ ಓದಿರಲಾರದು.

ಕಾಯಿದೆ ಪುಸ್ತಕ ನೋಡಿದರೆ ನಮ್ಮ ದೇಶ ಹಿಂದುಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ ಸ್ಯಾಂಪಲ್ ಕೊಟ್ಟವನೇ ಅದರ ಒಡೆಯ. ಸಂಸ್ಥೆ ಬರೀ ಪಾಲಕ, ಮನೆ ಕಾಯುವವನಂತೆ. ಒಪ್ಪಿಗೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕು, ಬೇಡವೆನಿಸಿದಾಗ ಹಿಂದೆ ಸರಿಯುವ ಹಕ್ಕು ಅವನಿಗೆ ಇರಬೇಕು. ಓದಲು ಸೊಗಸಾಗಿದೆ. ನಡೆಯುವುದು ಬೇರೆ. ಅಹಮದಾಬಾದಿನಲ್ಲಿ ಜ್ವರದ ನಿಗಾ ಸಲುವಾಗಿ ತೆಗೆದ ರಕ್ತಗಳಲ್ಲಿ ಝೀಕಾ ವೈರಸ್ ಸಿಕ್ಕ ಪ್ರಸಂಗ ಕೆಲವರಿಗೆ ನೆನಪಿರಬಹುದು. ಮೊದಲ ಸ್ಯಾಂಪಲ್ ಫೆಬ್ರವರಿ 2016ರದ್ದು. ವಿಶ್ವ ಆರೋಗ್ಯ ಸಂಸ್ಥೆ ಮೂರು ಪ್ರಕರಣಗಳನ್ನು ಪ್ರಕಟಿಸಿದ್ದು ಮೇ 2017ರಲ್ಲಿ. ನಡುವೆ ಹದಿನೈದು ತಿಂಗಳು. ಗರ್ಭಿಣಿಯರಿಗೆ ಅಪಾಯ ಒಡ್ಡುವ ವೈರಸ್ ಅದು.

ಇದಕ್ಕೆ ನನ್ನ ಸಹೋದ್ಯೋಗಿಗಳ ಬಳಿ ಉತ್ತರಗಳಿವೆ, ಮತ್ತು ಅವು ಪೊಳ್ಳು ಉತ್ತರಗಳಲ್ಲ. ಸಂಶೋಧನೆಯ ಪರೀಕ್ಷೆ ಆಸ್ಪತ್ರೆಯ ಪರೀಕ್ಷೆ ಅಲ್ಲ, ಪೂರ್ತಿ ಒರೆಗೆ ಹಚ್ಚಿರುವುದಿಲ್ಲ. ‘ನಿಮ್ಮ ರಕ್ತದಲ್ಲಿ ಏನೋ ಕಂಡಿತು’ ಎಂದು ಹೇಳಿಬಿಟ್ಟರೆ ಆ ಮನುಷ್ಯ ನಿದ್ದೆಗೆಡುತ್ತಾನೆ, ನಾಳೆ ಅದು ತಪ್ಪೆಂದು ಗೊತ್ತಾದರೆ ಯಾರು ಹೊಣೆ? ಪುಣೆಯ ಇತಿಹಾಸದಲ್ಲೇ ಉದಾಹರಣೆ ಇದೆ. 1952ರ ಸುಮಾರಿಗೆ ಇಲ್ಲಿನ ಕೇಂದ್ರದವರು ದೇಶದ ಹಲವೆಡೆಯ ಜನರ ರಕ್ತ ಪರೀಕ್ಷಿಸಿದಾಗ 196 ಜನರಲ್ಲಿ 33 ಮಂದಿಗೆ ಝೀಕಾ ವಿರುದ್ಧದ ಪ್ರತಿಕಾಯ ಕಂಡಿತ್ತು. ಅದು ನಿಜಕ್ಕೂ ಝೀಕಾದ್ದೇ, ಇಲ್ಲ ಡೆಂಗಿಯಂಥ ದಾಯಾದಿ ವೈರಸ್ಸುಗಳ ಪ್ರತಿಕಾಯ ಹಾಗೆ ತೋರಿತೇ ಎಂಬ ಅನುಮಾನ ಇಂದಿಗೂ ಇದೆ. ಆ 33 ಜನರಿಗೆ ಹೋಗಿ ಏನೆಂದು ಹೇಳಬೇಕಿತ್ತು? ಇನ್ನೊಂದು ಉತ್ತರ ಗೋಪ್ಯತೆಯದು. ಹೆಸರು ತೆಗೆದು ಸಂಕೇತ ಹಾಕುವುದೇ ಕೊಟ್ಟವರ ರಕ್ಷಣೆಗೆ. ನಮ್ಮ ನಿಮ್ಮ ತೋಳಿಗೆ ಬಿದ್ದ ಕೋವ್ಯಾಕ್ಸಿನ್ ತಯಾರಾದದ್ದು ಎನ್‌ಐವಿ ಬೇರ್ಪಡಿಸಿ ಕೊಟ್ಟ ವೈರಸ್ಸಿನಿಂದ. ಅದು ಬಂದದ್ದು ರೋಗಲಕ್ಷಣವೇ ಇಲ್ಲದ ಒಬ್ಬ ಮನುಷ್ಯನಿಂದ. ಆ ವ್ಯಕ್ತಿಯ ಹೆಸರು ಜಗತ್ತಿಗೆ ಗೊತ್ತಿಲ್ಲದಿರುವುದು ಒಳ್ಳೆಯದೇ.

ಇದೆಲ್ಲ ಒಪ್ಪಿದೆ. ಆದರೆ ಹೆಸರು ಮುಚ್ಚಿಡುವುದು ಬೇರೆ, ಮನುಷ್ಯನನ್ನೇ ಅಳಿಸಿಹಾಕುವುದು ಬೇರೆ. ಟ್ಯೂಬಿಗಲ್ಲ, ಮನುಷ್ಯನಿಗೆ ಒಂದು ಸಂಕೇತ ಕೊಟ್ಟರೆ ಗೋಪ್ಯತೆಯೂ ಉಳಿಯುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ಪ್ರಬಂಧದ ಮೊದಲ ಸಾಲಲ್ಲೇ ‘ಇಷ್ಟು ಜನರಿಂದ ಇಷ್ಟು ಟ್ಯೂಬು’ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಒಬ್ಬೊಬ್ಬರ ವರದಿ ಕೊಡುವುದು ಸರಿಯಲ್ಲವಾದರೆ ಊರಿಗೆ ಹೋಗಿ ಒಟ್ಟಾರೆ ಏನು ತಿಳಿಯಿತು ಎಂದಾದರೂ ಹೇಳಬಹುದು. ಏನೂ ತಿಳಿಯಲಿಲ್ಲ ಎಂಬುದೂ ಒಂದು ಸುದ್ದಿಯೇ. ಅನುದಾನ ಕೊಡುವವರು ಫ್ರೀಜರಿಗೆ, ಪ್ರಯಾಣಕ್ಕೆ, ಸಮ್ಮೇಳನಕ್ಕೆ ಹಣ ಇಡುತ್ತಾರೆ. ಕೊಟ್ಟವರ ಬಳಿಗೆ ವಾಪಸ್ ಹೋಗುವ ಬಸ್ ಚಾರ್ಜಿಗೆ ಒಂದು ಸಾಲು ಇಡಲಿ. ಮಲೆನಾಡಿಗಂತೂ ಇದು ಬರೀ ಸೌಜನ್ಯದ ಮಾತಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿದೆ, ಹೊಸದು ಬರಬೇಕಾಗಿದೆ. ಅದರ ಪ್ರಯೋಗಕ್ಕೆ, ನಿಗಾಕ್ಕೆ ಮತ್ತೆ ನಮ್ಮ ಜನರೇ ಕೈ ಚಾಚಬೇಕು. ಹಿಂದಿನ ಸಲದ್ದು ಏನಾಯಿತೆಂದು ಕೇಳುವವರಿಗೆ ಉತ್ತರ ಇಲ್ಲದಿದ್ದರೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ನಮ್ಮಲ್ಲಿ ಈಗ ಸಣ್ಣದೊಂದು ಬದಲಾವಣೆ ಆಗಿದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಹೆಂಗಸರ ರಕ್ತಹೀನತೆ ಕುರಿತ ಕೆಲಸ ನಡೆಯುತ್ತಿದೆ. ಒಪ್ಪಿಗೆ ಪತ್ರ ಮರಾಠಿಯಲ್ಲಿತ್ತು. ಅಲ್ಲಿ ಮನೆಮಾತು ಎಷ್ಟೋ ಕಡೆ ಕನ್ನಡ. ಲ್ಯಾಬಿನಲ್ಲಿ ನಾನೊಬ್ಬನೇ ಕನ್ನಡಿಗ, ಅನುವಾದದ ಕೆಲಸ ನನ್ನ ಪಾಲಿಗೆ ಬಂತು. ಪತ್ರಿಕೆ ಓದುವ ಅಭ್ಯಾಸದಿಂದ ‘ನಿಮ್ಮ ರಕ್ತದ ಮಾದರಿಯನ್ನು ಸಂಗ್ರಹಿಸಲಾಗುವುದು’ ಎಂದು ಬರೆದೆ. ಹಳ್ಳಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಒಬ್ಬ ಅಕ್ಕ ಕೇಳಿದರು, ‘ಮಾದರಿ ಅಂದ್ರ ಏನ್ರಿ? ನಮ್ಮೂರಾಗ ಮಾದರಿ ಸಾಲಿ ಐತಿ, ಅದೇನು?’ ಎಲ್ಲರೂ ನಕ್ಕರು, ನಾನೂ. ವಾಪಸ್ ಬಂದು ತಿದ್ದಿದೆ: ‘ನಿಮ್ಮ ತೋಳಿನಿಂದ ಒಂದು ಸಣ್ಣ ಚಮಚದಷ್ಟು ರಕ್ತ ತೆಗೆಯುತ್ತೇವೆ. ಪರೀಕ್ಷೆ ಮಾಡಿ ಉಳಿದದ್ದನ್ನು ಪುಣೆಯಲ್ಲಿ ಇಟ್ಟುಕೊಂಡು ಮುಂದೆ ಬೇರೆ ಪರೀಕ್ಷೆಗೂ ಬಳಸಬಹುದು. ಅದು ಬೇಡ ಅನಿಸಿದರೆ ಬೇಡ ಅನ್ನಿ, ಔಷಧ ಉಪಚಾರ ಏನೂ ತಪ್ಪುವುದಿಲ್ಲ.’ ಎರಡನೇ ಸಲ ಓದಿದಾಗ ಮೂವರು ಉಳಿದದ್ದು ಇಟ್ಟುಕೊಳ್ಳುವುದು ಬೇಡ ಎಂದರು. ಮೊದಲ ಪತ್ರಕ್ಕೆ ಅವರೇ ಎರಡು ಮಾತಿಲ್ಲದೆ ಸಹಿ ಹಾಕಿದ್ದರು. ನಮ್ಮ ಮೇಲಿನವರಿಗೆ ಇದು ನಷ್ಟವಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ರಕ್ತ ಯಾರು ತೆಗೆದರು, ಎಲ್ಲಿ ಹೋಯಿತು ಎಂದು ಕಂಡುಹಿಡಿಯಲು ಆಗುವುದಿಲ್ಲ, ಕಾಗದದ ಪ್ರತಿ ನಿನ್ನ ಹತ್ತಿರವೂ ಇಲ್ಲ, ಬಹುಶಃ ಚೆಲ್ಲಿರುತ್ತಾರೆ ಎಂದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನೀವು ತಗಂಡೋರಿಗೆ ಹೇಳ್ತೀರನ?’ ಎಂದು ಕೇಳಿದರು. ಅಕ್ಕಲಕೋಟೆ ಕಡೆಯ ಹಳ್ಳಿಗಳಿಗೆ ಹೋಗಲು ಮಾರ್ಚ್ ಎರಡನೇ ವಾರ ಗೊತ್ತು ಮಾಡಿದ್ದೇವೆ, ಶಾಲೆ ಬಿಟ್ಟ ಮೇಲೆ ಸಭೆ ಎಂದೆ. ‘ಕನ್ನಡದಗೇ ಹೇಳಿ’ ಎಂದು ಅಡಿಕೆ ಚೀಲ ಎತ್ತಿಕೊಂಡು ಒಳಗೆ ಹೋದರು.